ವಾಲಿದ ಸಸಿಗಳು, ತಿರುಗಿದ ಬೇರುಗಳು

ಚಿ. ಅನಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ದಿನಾ ಕುಂಡ ತಿರುಗಿಸಿದರೂ ಸಸಿಗಳು ದಾರದಂತೆ ಸಪೂರವಾಗಿ ಏಕೆ ಬೆಳೆಯುತ್ತಿವೆ ಎಂದು ಕೇಳಿದ್ದೀಯ. ಅಲ್ಲಿ ಎರಡು ತೊಂದರೆಗಳು ಬೆರೆತಿವೆ ಮಗೂ. ಸಸಿ ವಾಲುವುದು ಬೆಳಕು ಒಂದೇ ಪಕ್ಕದಿಂದ ಬರುವುದರಿಂದ. ಕುಂಡ ತಿರುಗಿಸಿದರೆ ಅದು ಸರಿಹೋಗುತ್ತದೆ. ಸಪೂರವಾಗಿ ಉದ್ದವಾಗುವುದು ಬೆಳಕೇ ಸಾಲದ್ದರಿಂದ. ಎಷ್ಟು ತಿರುಗಿಸಿದರೂ ಅದು ಹೋಗದು. ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಗಳ ತುದಿಯಿಂದ 15–20 ಸೆಂ.ಮೀ. ಮೇಲೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸು. ಸಸಿ ಬೆಳೆದಂತೆ ದೀಪವನ್ನೂ ಏರಿಸು. ಬಡಕಲಾಗಿದೆಯೆಂದು ಗೊಬ್ಬರ ಮಾತ್ರ ಹಾಕಬೇಡ, ಇನ್ನಷ್ಟು ಉದ್ದವಾಗಿ ಬಿದ್ದುಹೋಗುತ್ತದೆ. ಒಮ್ಮೆ ಹಿಗ್ಗಿದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಟೊಮೆಟೊ ಸಸಿಯಾದರೆ ನಾಟಿ ಮಾಡುವಾಗ ಬೀಜದೆಲೆಗಳವರೆಗೂ ಹೂತುಬಿಡು. ಮಣ್ಣೊಳಗಿನ ಕಾಂಡದಿಂದಲೇ ಬೇರು ಹೊರಡುತ್ತದೆ.

ಇನ್ನು ನಿನ್ನ ವಿಜ್ಞಾನ ಪ್ರದರ್ಶನದ ವಿಷಯ. ‘ಗಿಡಕ್ಕೆ ಬೆಳಕು ಬೇಕು, ಅದಕ್ಕೇ ಬೆಳಕಿನ ಕಡೆ ಬಾಗುತ್ತದೆ’ ಎಂದು ಬರೆದಿದ್ದೀಯಲ್ಲ, ಅದನ್ನು ತೆಗೆದುಹಾಕು. ಬಾಗಿದರೆ ಗಿಡಕ್ಕೆ ಏನು ಲಾಭ ಎಂಬುದು ಅದರಲ್ಲಿದೆ, ಹೇಗೆ ಬಾಗುತ್ತದೆ ಎಂಬುದಿಲ್ಲ. ಬೆಳಕು ಬಿದ್ದ ಪಕ್ಕ ಕುಗ್ಗುವುದಿಲ್ಲ. ನೆರಳಿನ ಪಕ್ಕದ ಜೀವಕೋಶಗಳು ಹೆಚ್ಚು ಉದ್ದವಾಗುತ್ತವೆ, ಆದ್ದರಿಂದ ಕಾಂಡ ಬೆಳಕಿನತ್ತ ಬಗ್ಗುತ್ತದೆ. ಉದ್ದವಾಗಿಸುವುದು ಆಕ್ಸಿನ್ ಎಂಬ ಹಾರ್ಮೋನು. ಅದು ತುದಿಯಿಂದ ಇಳಿಯುವಾಗ ನೆರಳಿನ ಪಕ್ಕಕ್ಕೆ ಹೆಚ್ಚಾಗಿ ಸರಿಯುತ್ತದೆ.

ನಿನ್ನ ಪ್ರದರ್ಶನದಲ್ಲಿ ಎದ್ದು ಕಾಣಬೇಕಾದ್ದು ಇದು: ತಿಳಿಯುವ ಜಾಗ ಬೇರೆ, ಬಾಗುವ ಜಾಗ ಬೇರೆ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಇದನ್ನು ಹುಲ್ಲಿನ ಮೊಳಕೆಗಳಲ್ಲಿ ತೋರಿಸಿದರು. ನೀನು ಗೋಧಿಯಲ್ಲಿ ಮಾಡು. ಕಾಳನ್ನು 6–8 ಗಂಟೆ ನೆನೆಸಿ, ಒದ್ದೆ ಮರಳಿನಲ್ಲಿ ಬಿತ್ತಿ, ಪೂರ್ತಿ ಕತ್ತಲಲ್ಲಿಡು. ಮೂರು-ನಾಲ್ಕು ದಿನಕ್ಕೆ ಎಳೆ ಎಲೆಯನ್ನು ಸುತ್ತಿಕೊಂಡ ಬಿಳಿ ಕೊಳವೆಯಂಥ ಒರೆ 2–3 ಸೆಂ.ಮೀ. ಎದ್ದಿರುತ್ತದೆ. ಕೆಲವಕ್ಕೆ ತುದಿಯ 5 ಮಿ.ಮೀ. ಮುಚ್ಚುವ ಅಲ್ಯೂಮಿನಿಯಂ ಹಾಳೆಯ ಟೋಪಿ ಹಾಕು, ಕೆಲವಕ್ಕೆ ತುದಿ ಬಿಟ್ಟು ಬುಡಕ್ಕೆ ಮಾತ್ರ ಹಾಳೆ ಸುತ್ತು, ಕೆಲವನ್ನು ಹಾಗೇ ಬಿಡು. ಇನ್ನು ಕೆಲವಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಟೋಪಿ ಹಾಕಲು ಮರೆಯಬೇಡ. ಟೋಪಿಯ ಭಾರಕ್ಕೇ ಬಾಗಲಿಲ್ಲವೇನೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳಗೆಲ್ಲ ಕಪ್ಪು ಬಳಿದ, ಒಂದೇ ಪಕ್ಕದಲ್ಲಿ 2 ಸೆಂ.ಮೀ. ತೂತಿರುವ ಪೆಟ್ಟಿಗೆಯಲ್ಲಿಟ್ಟು ತೂತಿನೆದುರು ದೀಪ ಹಚ್ಚು. ಕೆಲವು ಗಂಟೆಗಳಲ್ಲಿ ತುದಿಗೆ ಹಾಳೆ ಹೊದಿಸಿದವು ನೆಟ್ಟಗೇ ಇದ್ದು, ಉಳಿದವು ತುದಿಗಿಂತ ಕೆಳಗೆ ಬಾಗಿರುತ್ತವೆ.

ಈ ಪ್ರಯೋಗ ಕೆಡುವುದು ಹೆಚ್ಚಾಗಿ ಟೋಪಿ ಹಾಕುವಾಗ. ದಿಕ್ಕನ್ನು ಗುರುತಿಸುವ ಫೋಟೊಟ್ರೋಪಿನ್ ಎಂಬ ಪ್ರೋಟೀನು ನೀಲಿ ಬೆಳಕನ್ನು ಹೀರುತ್ತದೆ. ಬಿಳಿ ಬೆಳಕಿನಲ್ಲೂ ನೀಲಿ ಇದೆ. ಕ್ಷಣಮಾತ್ರ ದೀಪ ಹಾಕಿದರೂ ಕತ್ತಲಲ್ಲಿ ಬೆಳೆದ ಮೊಳಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡುಬಿಡುತ್ತದೆ. ಆದ್ದರಿಂದ ಮಂದವಾದ ಕೆಂಪು ಎಲ್‌ಇಡಿ ಬೆಳಕಿನಲ್ಲೇ ಕೈಕೆಲಸ ಮುಗಿಸು.

ಬೇರಿನ ಪ್ರಯೋಗಕ್ಕೆ ಹುರುಳಿಕಾಯಿ ಬೀಜ ಒಳ್ಳೆಯದು. ರಾತ್ರಿ ನೆನೆಸಿ, ಗಾಜಿನ ಲೋಟದ ಗೋಡೆಗೂ ಒದ್ದೆ ಕಾಗದಕ್ಕೂ ನಡುವೆ ನಾಲ್ಕು ಬೀಜಗಳನ್ನು ನಾಲ್ಕು ದಿಕ್ಕಿಗೆ ಇಡು. ತಳದಲ್ಲಿ ನೀರು ನಿಲ್ಲಿಸಬೇಡ. ಬೇರು ತೇವದ ಕಡೆಗೂ ತಿರುಗುತ್ತದೆ. ತಳದಲ್ಲಿ ನೀರಿದ್ದರೆ ಬೇರನ್ನು ಕೆಳಕ್ಕೆ ಎಳೆದದ್ದು ಗುರುತ್ವವೋ ನೀರೋ ಎಂದು ಹೇಳಲಾಗದು. ಕಾಗದ ಎಲ್ಲೆಡೆ ಒಂದೇ ಸಮ ಒದ್ದೆಯಿರಲಿ, ಲೋಟದ ಬಾಯಿ ಮುಚ್ಚಿ ಕತ್ತಲಲ್ಲಿಡು. ಬೇರು 2 ಸೆಂ.ಮೀ. ಆದಾಗ ಅದರ ಮೇಲೆ ತುದಿಯಿಂದ 1 ಮಿ.ಮೀ.ಗೊಂದು ಮಸಿಯ ಗೆರೆ ಹಾಕಿ, ಬೇರು ಅಡ್ಡಲಾಗುವಂತೆ ಲೋಟವನ್ನು ಮಲಗಿಸು. ಮರುದಿನ ನೋಡಿದರೆ ಗೆರೆಗಳು ದೂರ ಸರಿದ ಜಾಗದಲ್ಲೇ, ಅಂದರೆ ತುದಿಯ ಸ್ವಲ್ಪ ಹಿಂದೆ, ಬೇರು ಬಾಗಿರುತ್ತದೆ. ಆದರೆ ಕೆಳಗು ಯಾವುದೆಂದು ತಿಳಿದದ್ದು ತುದಿಯ ಬೇರುಟೋಪಿಗೆ. ಅದರ ನಡುವಿನ ಜೀವಕೋಶಗಳಲ್ಲಿ ಪಿಷ್ಟ ತುಂಬಿದ ಭಾರದ ಕಣಗಳಿವೆ. ಬೇರು ಅಡ್ಡವಾದ ಕೆಲವೇ ನಿಮಿಷಗಳಲ್ಲಿ ಅವು ಹೊಸ ತಳಕ್ಕೆ ಇಳಿದು ಕೂರುತ್ತವೆ. ಆಗ ಆಕ್ಸಿನ್ ಕೆಳಪಕ್ಕಕ್ಕೆ ಹೆಚ್ಚು ಹರಿಯುತ್ತದೆ.

ಇಲ್ಲಿ ನಿಧಾನವಾಗಿ ಓದು, ಬಹಳ ಜನ ಎಡವುವುದು ಇಲ್ಲೇ. ಮಲಗಿದ ಕಾಂಡದಲ್ಲೂ ಆಕ್ಸಿನ್ ಸೇರುವುದು ಕೆಳಪಕ್ಕಕ್ಕೇ. ಕಾಂಡಕ್ಕೆ ಅಷ್ಟು ಆಕ್ಸಿನ್ ಬೆಳವಣಿಗೆಯ ಪ್ರಚೋದನೆ: ಕೆಳಪಕ್ಕ ಉದ್ದವಾಗಿ ಕಾಂಡ ಮೇಲೇಳುತ್ತದೆ. ಬೇರಿಗೆ ಅಷ್ಟೇ ಆಕ್ಸಿನ್ ಅತಿಯಾಯಿತು: ಕೆಳಪಕ್ಕದ ಬೆಳವಣಿಗೆ ತಗ್ಗಿ, ಮೇಲ್ಪಕ್ಕ ಮುಂದೆ ಹೋಗಿ, ಬೇರು ಕೆಳಗಿಳಿಯುತ್ತದೆ. ಎರಡು ಬೇರೆ ಬೇರೆ ಹಾರ್ಮೋನುಗಳೆಂದು ಬರೆಯಬೇಡ.

ಮೊಳೆಯುವ ಬೀಜಗಳನ್ನು ಕಟ್ಟಿ ನಿಧಾನವಾಗಿ ತಿರುಗಿಸುವ ತಟ್ಟೆ ಮಾಡುವ ಆಸೆಯಿದ್ದರೆ ನಿಮಿಷಕ್ಕೆ ಒಂದು ಸುತ್ತು ಹಾಕುವ ಗೇರ್ ಮೋಟರು ಸಾಕು, ಅಚ್ಚು ಅಡ್ಡವಾಗಿರಲಿ. ಬೀಜಗಳ ಭಾರ ಎರಡೂ ಕಡೆ ಸಮನಿಲ್ಲದಿದ್ದರೆ ಮೋಟರು ತಡವರಿಸುತ್ತದೆ. ತಟ್ಟೆಯ ಮೇಲೆ ಬೇರುಗಳು ಕೆಳಗನ್ನು ಹುಡುಕದೆ ಹೊರಟ ದಿಕ್ಕಿಗೇ ಬೆಳೆಯುತ್ತವೆ. ‘ಗುರುತ್ವ ಇಲ್ಲವಾಯಿತು’ ಎಂದು ಹೇಳಬೇಡ. ಗುರುತ್ವ ಇದ್ದೇ ಇದೆ, ಯಾವ ಒಂದು ಪಕ್ಕದ ಮೇಲೂ ನಿಲ್ಲುವುದಿಲ್ಲ ಅಷ್ಟೆ. ಬಹಳ ವೇಗವಾಗಿ ತಿರುಗಿಸಿದರೆ ಕಥೆಯೇ ಬೇರೆ: ಇಂಗ್ಲೆಂಡಿನ ಸಸ್ಯವಿಜ್ಞಾನಿ ಥಾಮಸ್ ನೈಟ್ 1806ರಲ್ಲಿ ನೀರಿನಿಂದ ತಿರುಗುವ ಚಕ್ರಕ್ಕೆ ಬೀಜ ಕಟ್ಟಿದಾಗ ಬೇರುಗಳು ಚಕ್ರದಿಂದ ಹೊರಕ್ಕೆ, ಚಿಗುರುಗಳು ಒಳಕ್ಕೆ ಬೆಳೆದವು.

ಗೋಧಿಯನ್ನು ಒಂದೇ ದಿನ ಬಿತ್ತಬೇಡ, ದಿನ ಬಿಟ್ಟು ದಿನ ಮೂರು ಸಲ ಬಿತ್ತು. ಒರೆ ಸೀಳಿ ಎಲೆ ಹೊರಬಂದ ಮೊಳಕೆ ಟೋಪಿಯ ಪ್ರಯೋಗಕ್ಕೆ ಬಾರದು. ಪ್ರದರ್ಶನದ ಬೆಳಿಗ್ಗೆ ಸರಿಯಾದ ವಯಸ್ಸಿನದು ಒಂದು ಟ್ರೇ ಆದರೂ ಕೈಯಲ್ಲಿರಬೇಕು.

ಇಂತಿ,
ನಿನ್ನ ದೊಡ್ಡಮ್ಮ