ಲುಬುಂಟು ದುಡಿದು ಗಳಿಸಿದ ಜಾಗ

ಸಂಪಾದಕರಿಗೆ ನಮಸ್ಕಾರ.

ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಹಳೆ ಕಂಪ್ಯೂಟರುಗಳನ್ನು ಏನು ಮಾಡಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಈ ವಿಷಯ ಎತ್ತಿಕೊಂಡಿದ್ದು ಒಳ್ಳೆಯದಾಯಿತು. ಆದರೆ ಲೇಖನದ ಕೊನೆಯಲ್ಲಿ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಬಗ್ಗೆ ಬರೆಯುವಾಗ, ಅದರ ಹಗುರ ಬಗೆಗಳಲ್ಲೊಂದಾದ ಲುಬುಂಟುವನ್ನು 'ಉಬುಂಟುವಿನ ಚಿಕ್ಕ ರೂಪ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಸಾಲಿಗೆ ನನ್ನ ತಕರಾರಿದೆ. ಯಾರೋ ಉಬುಂಟು ಎಂಬ ಹೆಸರಾಂತ ಲಿನಕ್ಸಿನಿಂದ ನಾಲ್ಕು ಸಾಮಾನು ತೆಗೆದುಹಾಕಿ ಉಳಿದದ್ದಕ್ಕೆ ಬೇರೆ ಹೆಸರಿಟ್ಟದ್ದಲ್ಲ ಅದು. ಲುಬುಂಟುವಿಗೆ ತನ್ನದೇ ತಂಡ ಇದೆ. ಏನಿರಬೇಕು, ಏನು ಬೇಡ ಅನ್ನುವುದನ್ನು ಆ ತಂಡವೇ ತೀರ್ಮಾನಿಸುತ್ತದೆ. ಉಬುಂಟು ಬಳಗದಲ್ಲಿ ಅದಕ್ಕಿರುವ ಜಾಗ ಸುಮ್ನೆ ಸಿಕ್ಕಿದ್ದಲ್ಲ.

ನಾನು ತಿಪಟೂರಿನಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಬಾಡಿಗೆ ಕರಾರು, ಅಫಿಡವಿಟ್, ಪಹಣಿ ಪ್ರಿಂಟ್, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಇವೇ ದಿನದ ಕೆಲಸ. ಅಂಗಡಿಯ ಕಂಪ್ಯೂಟರುಗಳೆಲ್ಲ ಸೆಕೆಂಡ್ ಹ್ಯಾಂಡ್. ಕೋರ್ 2 ಡ್ಯುಯೋ ಚಿಪ್ಪಿನವು, 2 ಇಲ್ಲವೇ 4 ಜಿಬಿ ರ‍್ಯಾಮ್. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಹೊಸ ಪ್ರೊಸೆಸರ್ ಬೇಕು. ನನ್ನ ಯಂತ್ರಗಳು ಆ ಲೆಕ್ಕಕ್ಕೇ ಬರುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಾಗ ಎಲ್ಲವನ್ನೂ ಗುಜರಿಗೆ ಹಾಕಿ ಅಂತ ನಮ್ಮೂರಿನ ಒಬ್ಬ ವ್ಯಾಪಾರಿ ಹೇಳಿದರು. ನಾನು ಹಾಕಲಿಲ್ಲ. ಅವು ಲುಬುಂಟುವಿನ ಮೇಲೆ ಚೆನ್ನಾಗಿ ಓಡುತ್ತಿವೆ.

ಇದರ ಕಥೆ ನಿಮ್ಮ ಓದುಗರಿಗೂ ಗೊತ್ತಾಗಲಿ. 2006ರಲ್ಲಿ ತೈವಾನಿನ ಹಾಂಗ್ ಜೆನ್ ಯೀ ಎಂಬ ಪ್ರೋಗ್ರಾಮರ್ ಫೈಲುಗಳನ್ನು ತೆರೆದು ನೋಡುವ ಒಂದು ಪುಟ್ಟ ತಂತ್ರಾಂಶ ಬರೆದರು. ಹೆಸರು ಪಿಸಿಮ್ಯಾನ್‌ಎಫ್‌ಎಂ. ಅದರಿಂದ ಶುರುವಾಗಿ ಎಲ್‌ಎಕ್ಸ್‌ಡಿಇ ಎಂಬ, ಪರದೆಯ ಮೇಲೆ ಕಾಣುವ ಮೆನು, ಪಟ್ಟಿ, ಕಿಟಕಿ ಎಲ್ಲ ಸೇರಿದ ಪೂರ್ತಿ ಡೆಸ್ಕ್‌ಟಾಪ್ ಬೆಳೆಯಿತು. ಪರದೆಯ ಕೆಳಗಿನ ಪಟ್ಟಿ (ಟಾಸ್ಕ್‌ಬಾರ್) ಒಂದು ತಂತ್ರಾಂಶ, ಫೈಲು ತೋರಿಸುವುದು ಇನ್ನೊಂದು, ಕಿಟಕಿಗಳನ್ನು ನೋಡಿಕೊಳ್ಳುವುದು ಓಪನ್‌ಬಾಕ್ಸ್ ಎಂಬ ಮತ್ತೊಂದು. ಕಿಟಕಿ ತೇಲಿಬರುವುದು, ನೆರಳು ಬೀಳುವುದು ಇಂಥ ಅಲಂಕಾರಕ್ಕೆ ರ‍್ಯಾಮ್ ಖರ್ಚು ಮಾಡಲಿಲ್ಲ. ಹಳೆ ಯಂತ್ರದಲ್ಲಿ ಅದು ಹಗುರವಾಗಿ ಓಡಿದ್ದು ಇದರಿಂದಲೇ.

2009ರಲ್ಲಿ ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಎಲ್‌ಎಕ್ಸ್‌ಡಿಇ ಬಳಗಕ್ಕೆ ಆಹ್ವಾನ ಕೊಟ್ಟರು. ಉಬುಂಟು ಸಮುದಾಯದ ಒಳಗೆ ನಿಮ್ಮದೇ ಯೋಜನೆ ಮಾಡಿ, ನೀವೇ ನಡೆಸಿ ಅಂತ. ಅದೇ ವರ್ಷದ ಮಾರ್ಚ್‌ನಲ್ಲಿ ಜರ್ಮನಿಯ ಮಾರಿಯೋ ಬೇಲಿಂಗ್ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್ ಇರುವ ಉಬುಂಟುವಿಗಾಗಿ ಲುಬುಂಟು ಯೋಜನೆ ಶುರು ಮಾಡಿದರು. ಆಹ್ವಾನ ಇತ್ತು, ಅಧಿಕೃತ ಮನ್ನಣೆ ಇರಲಿಲ್ಲ. ಈ ಎರಡರ ನಡುವೆ ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಆ ದಿನಗಳಲ್ಲಿ ಅವರ ಪಾಡು ಹೇಗಿತ್ತು ನೋಡಿ. ಉಬುಂಟು 10.04 ಬಂದದ್ದು 2010ರ ಏಪ್ರಿಲ್ 29ಕ್ಕೆ. ಲುಬುಂಟು 10.04 ಮೂರು ದಿನ ತಡವಾಗಿ ಮೇ 2ಕ್ಕೆ ಬಂತು. ಉಬುಂಟುವಿನ ಆ ಆವೃತ್ತಿಗೆ ದೀರ್ಘ ಬೆಂಬಲ ಇತ್ತು, ಲುಬುಂಟುವಿಗೆ ಇರಲಿಲ್ಲ. ಆದರೂ ಬಿಡಲಿಲ್ಲ. ಜೂಲಿಯನ್ ಲವೇರ್ನ್ ಮುಂತಾದವರು ಕೂತು 10.10 ತಂದರು, 11.04 ತಂದರು. ಸರಿಯಾಗಿ ಆ 11.04ರಲ್ಲೇ ಉಬುಂಟು ತನ್ನ ಮುಖ್ಯ ಡೆಸ್ಕ್‌ಟಾಪನ್ನು ಯೂನಿಟಿಗೆ ಬದಲಾಯಿಸಿತು. ಅದು ಗ್ರಾಫಿಕ್ಸ್ ಕಾರ್ಡಿನಿಂದ ಜಾಸ್ತಿ ಕೆಲಸ ಕೇಳುವ ಡೆಸ್ಕ್‌ಟಾಪ್. ಹಳೆ ಯಂತ್ರ ಇಟ್ಟುಕೊಂಡವರಿಗೆ ಹಗುರವಾದ ಇನ್ನೊಂದು ದಾರಿ ಬೇಕೇ ಬೇಕಿತ್ತು. ಮರು ತಿಂಗಳು, 2011ರ ಮೇನಲ್ಲಿ ಬುಡಾಪೆಸ್ಟಿನಲ್ಲಿ ಉಬುಂಟು ಡೆವಲಪರುಗಳ ಸಮ್ಮೇಳನ ನಡೆಯಿತು. ಲುಬುಂಟುವನ್ನು ಅಧಿಕೃತ ಬಳಗಕ್ಕೆ ಸೇರಿಸಿಕೊಳ್ಳುವ ಸುದ್ದಿ ಅಲ್ಲಿಂದ ಹೊರಬಿತ್ತು. ಅಕ್ಟೋಬರ್ 13ಕ್ಕೆ ಬಂದ 11.10 ಮೊದಲ ಅಧಿಕೃತ ಲುಬುಂಟು.

ಅಧಿಕೃತ ಆಯಿತು ಅಂದರೆ ಏನು ಸಿಕ್ಕಿತು? ದುಡ್ಡಲ್ಲ. ಉಬುಂಟುವಿನ ಹಿಂದಿರುವ ಕ್ಯಾನೊನಿಕಲ್ ಕಂಪನಿಯ ಸರ್ವರುಗಳಲ್ಲಿ ಲುಬುಂಟುವಿನ ಇನ್‌ಸ್ಟಾಲ್ ಕಡತವೂ ತಯಾರಾಗತೊಡಗಿತು. ಪರೀಕ್ಷೆಯ ವ್ಯವಸ್ಥೆ ಸಿಕ್ಕಿತು. ಬಿಡುಗಡೆಯ ದಿನ ಎಲ್ಲರ ಜೊತೆಗೇ ಬಿಡುಗಡೆ. ಭದ್ರತಾ ಅಪ್‌ಡೇಟ್ ಉಬುಂಟುವಿನ ಅದೇ ತಂತ್ರಾಂಶ ಭಂಡಾರದಿಂದ. ಆದರೆ ಡೆಸ್ಕ್‌ಟಾಪ್ ಯಾವುದು, ಯಾವ ತಂತ್ರಾಂಶ ಒಳಗಿರಬೇಕು, ಯಾವುದನ್ನು ಬಿಡಬೇಕು, ಇದು ಲುಬುಂಟು ತಂಡದ ಮಾತು. ತೋಟ ಪಾಲಾದ ಮೇಲೂ ಒಂದೇ ಬಾವಿಯಿಂದ ನೀರು ಹಾಯಿಸುವ ಅಣ್ಣತಮ್ಮಂದಿರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನೀರು ಒಂದೇ, ಬೇಸಾಯ ಅವರವರದು. ಇದೂ ಹಾಗೆಯೇ. ಜೊತೆಗೆ ಹೊಣೆಯೂ ಬಂತು. ಆರು ತಿಂಗಳಿಗೊಮ್ಮೆ ಹೇಳಿದ ದಿನಕ್ಕೆ ಬಿಡುಗಡೆ ಮಾಡಲೇಬೇಕು. 2014ರ ಏಪ್ರಿಲ್‌ನಲ್ಲಿ ಲುಬುಂಟುವಿನ ಮೊದಲ ದೀರ್ಘ ಬೆಂಬಲದ ಆವೃತ್ತಿ ಬಂತು, ಮೂರು ವರ್ಷದ ಮಾತು ಕೊಟ್ಟು.

ನನ್ನಂಥ ಅಂಗಡಿಯವರಿಗೆ ಮುಖ್ಯವಾದದ್ದು ಈ ಮೂರು ವರ್ಷದ ಮಾತು. ಹಗುರವಾದ ಲಿನಕ್ಸ್ ಹುಡುಕಿದರೆ ನೂರು ಸಿಗುತ್ತವೆ. ಯಾರೋ ಒಬ್ಬರು ಉತ್ಸಾಹದಿಂದ ಮಾಡಿರುತ್ತಾರೆ, ಅವರಿಗೆ ಬಿಡುವಾಗದಿದ್ದರೆ ಅಪ್‌ಡೇಟ್ ನಿಂತುಹೋಗುತ್ತದೆ. ಅಂಥದ್ದರ ಮೇಲೆ ಗಿರಾಕಿಯ ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್ ತೆರೆಯಲು ನನಗೆ ಧೈರ್ಯ ಇಲ್ಲ. ಆದ್ದರಿಂದ ಮನ್ನಣೆ ಅನ್ನುವುದು ನನ್ನ ಮಟ್ಟಿಗೆ ಬರೀ ಗೌರವದ ವಿಷಯ ಅಲ್ಲ.

ಸ್ವಂತ ತೀರ್ಮಾನದ ಹಕ್ಕು ಇರುವವರು ನಮಗೆ ಇಷ್ಟವಾಗದ ತೀರ್ಮಾನವನ್ನೂ ತೆಗೆದುಕೊಳ್ಳುತ್ತಾರೆ. ಇದನ್ನೂ ಹೇಳಬೇಕು. ಎಲ್‌ಎಕ್ಸ್‌ಡಿಇ ನಿಂತಿದ್ದ, ಕಿಟಕಿ, ಬಟನ್ ಬಿಡಿಸುವ ಜಿಟಿಕೆ 2 ಎಂಬ ತಂತ್ರಾಂಶ ಸಲಕರಣೆ ಹಳೆಯದಾಗುತ್ತಿತ್ತು. ಜಿಟಿಕೆ 3 ಹಾಂಗ್ ಅವರಿಗೆ ಹಿಡಿಸಲಿಲ್ಲ. 2013ರಲ್ಲಿ ಅವರು ಕ್ಯೂಟಿ ಎಂಬ ಇನ್ನೊಂದು ಸಲಕರಣೆಯ ಕಡೆ ಹೊರಳಿದರು. ರೇಜರ್ ಕ್ಯೂಟಿ ಎಂಬ ಇನ್ನೊಂದು ತಂಡ ಜೊತೆಗೂಡಿತು, ಎಲ್‌ಎಕ್ಸ್‌ಕ್ಯೂಟಿ ಎಂಬ ಹೊಸ ಡೆಸ್ಕ್‌ಟಾಪ್ ಹುಟ್ಟಿತು. ಲುಬುಂಟು 2018ರ ಅಕ್ಟೋಬರ್‌ನಲ್ಲಿ, 18.10ರಲ್ಲಿ ಅದಕ್ಕೆ ಬದಲಾಯಿತು. ಹಳೆ ಯಂತ್ರವೇ ಇನ್ನು ನಮ್ಮ ಮುಖ್ಯ ಗುರಿಯಲ್ಲ, ಹಗುರ ಮತ್ತು ಸರಳವಾಗಿರುವುದು ಗುರಿ ಎಂದು ತಂಡ ಆ ವರ್ಷ ಸಾರಿತು. ವರ್ಷದ ಕೊನೆಗೆ ಹಳೆ ಬಗೆಯ ಪ್ರೊಸೆಸರಿನ 32 ಬಿಟ್ ಯಂತ್ರಗಳಿಗೆ ಮುಂದೆ ಹೊಸ ಆವೃತ್ತಿ ಇಲ್ಲ ಎಂದರು. 18.04 ಇಟ್ಟುಕೊಂಡವರಿಗೆ 2021ರ ಏಪ್ರಿಲ್‌ವರೆಗೆ ಅಪ್‌ಡೇಟ್ ಸಿಕ್ಕಿತು, ಆಮೇಲೆ ಇಲ್ಲ.

ನನಗೆ ಬೇಜಾರಾಯಿತು. ಮಗಳು ಕಾಲೇಜಿಗೆ ಒಯ್ಯುತ್ತಿದ್ದ ಆಟಮ್ ಎನ್270 ಚಿಪ್ಪಿನ ಪುಟ್ಟ ನೆಟ್‌ಬುಕ್ 32 ಬಿಟ್ಟಿನದು. ಅದಕ್ಕೆ ಈಗ ಆಂಟಿಎಕ್ಸ್ ಎಂಬ ಇನ್ನೊಂದು ಹಗುರ ಲಿನಕ್ಸ್ ಹಾಕಿದ್ದೇನೆ. ಗ್ರೀಸಿನಲ್ಲಿ ಬೇರೂರಿದ ಯೋಜನೆ ಅದು. ಮೊದಲು ಮೆಪಿಸ್ ಎಂಬ ಲಿನಕ್ಸಿನ ಆಸರೆಯಲ್ಲಿ 2007ರಲ್ಲಿ ಶುರುವಾಯಿತು. ಈಗ ನೇರವಾಗಿ ಡೆಬಿಯನ್ ಎಂಬ ಲಿನಕ್ಸಿನ ಮೇಲೆ ತನ್ನ ಕಾಲಲ್ಲಿ ತಾನು ನಿಂತಿದೆ. 2023ರಲ್ಲಿ ಬಂದ ಅದರ ಆವೃತ್ತಿಗೆ 32 ಬಿಟ್ ರೂಪವೂ ಇದೆ. ಲುಬುಂಟುವಿನಷ್ಟು ನೀಟಾಗಿಲ್ಲ, ಮೆನು ಅಭ್ಯಾಸವಾಗಲು ಸಮಯ ಬೇಕು. ಆದರೆ ಆ ನೆಟ್‌ಬುಕ್ಕಿನಲ್ಲಿ ಟೈಪಿಂಗ್ ಆಗುತ್ತದೆ. ಡೆಬಿಯನ್ 2025ರ ಆಗಸ್ಟ್‌ನಲ್ಲಿ ತಂದ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೈಬಿಟ್ಟಿದೆ. ಹಾಗಾಗಿ ಅಷ್ಟು ಹಳೆಯ ಯಂತ್ರಕ್ಕೆ ಇನ್ನು ಜಾಸ್ತಿ ಆಯುಸ್ಸಿಲ್ಲ. 64 ಬಿಟ್ಟಿನ ಕೋರ್ 2 ಡ್ಯುಯೋದವರು ಚಿಂತೆ ಮಾಡಬೇಕಿಲ್ಲ.

ನಿಮ್ಮ ಲೇಖನದಲ್ಲಿ ಕನ್ನಡದ ಮಾತೇ ಇರಲಿಲ್ಲ. ನಮ್ಮ ಕಡೆಯವರ ಮೊದಲ ಪ್ರಶ್ನೆ ಅದೇ ಅಲ್ವಾ? ಲುಬುಂಟುವಿನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಭಾಗ ಹಾಕಿಕೊಂಡರೆ ಕಗಪ ಕೀಲಿಮಣೆ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಅದೇ ಭಂಡಾರದಲ್ಲಿ ಉಚಿತ. 18.10ರಿಂದ ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ತೊಂದರೆ ಆಗುವುದು ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ತರುವ ಹಳೆ ಆಸ್ಕಿ ಫಾಂಟಿನ ಫೈಲುಗಳಿಂದ. ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ. ಮೊದಲು ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ ತಿದ್ದಬೇಕು. ಬೆರಳ ಗುರುತು ಪಡೆಯುವ (ಬಯೋಮೆಟ್ರಿಕ್) ಯಂತ್ರದ ಕೆಲಸಕ್ಕೆ ವಿಂಡೋಸ್ ಇರುವ ಒಂದು ಕಂಪ್ಯೂಟರ್ ಬೇರೆ ಇಟ್ಟಿದ್ದೇನೆ, ಯಂತ್ರದ ಜೊತೆ ಕೊಟ್ಟ ತಂತ್ರಾಂಶ ಲಿನಕ್ಸಿಗೆ ಇಲ್ಲ. ಮತ್ತೆ, 2 ಜಿಬಿ ರ‍್ಯಾಮಿನಲ್ಲಿ ಬ್ರೌಸರಿನ ಹತ್ತು ಟ್ಯಾಬ್ ತೆರೆದರೆ ಲುಬುಂಟು ಕೂಡ ಏದುಸಿರು ಬಿಡುತ್ತದೆ. ಎರಡು ಮೂರು ಟ್ಯಾಬ್ ಸಾಕು. ಹಾರ್ಡ್ ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸ ಮಾತ್ರ ದೊಡ್ಡದು.

ಈ ಮನ್ನಣೆ ಶಾಶ್ವತ ಅಂತ ಯಾರೂ ತಿಳಿಯಬಾರದು. ಉಬುಂಟು ಬಳಗದಲ್ಲೇ ಟಿವಿ ನೋಡಲು, ರೆಕಾರ್ಡ್ ಮಾಡಲು ಮಿಥ್‌ಬುಂಟು ಅಂತ ಒಂದಿತ್ತು. ಕೆಲಸ ಮಾಡುವ ಜನ ಸಾಲದೆ 2016ರ ನವೆಂಬರ್‌ನಲ್ಲಿ ಅದನ್ನು ಮುಚ್ಚಿದರು. ಶಾಲೆಗಳಿಗಾಗಿ ಇದ್ದ ಎಡುಬುಂಟು 14.04ರ ನಂತರ ಹೊಸ ಆವೃತ್ತಿ ಇಲ್ಲದೆ ನಿಂತುಹೋಗಿತ್ತು. ಬೇರೆಯವರು ಮುಂದೆ ಬಂದ ಮೇಲೆ 2023ರಲ್ಲಿ 23.04 ಆಗಿ ಮತ್ತೆ ಬಂತು. ಲುಬುಂಟು ತಂಡದವರೂ ಸ್ವಯಂಸೇವಕರೇ. ಪ್ರತಿ ಬಿಡುಗಡೆಗೆ ಮೊದಲು ಬೇರೆ ಬೇರೆ ಯಂತ್ರಗಳಲ್ಲಿ ಹಾಕಿ ನೋಡಿ, ಓಡಿತೋ ಕೈಕೊಟ್ಟಿತೋ ಅಂತ ವರದಿ ಮಾಡುವ ಜನ ಅವರಿಗೆ ಬೇಕು. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಹಳೆ ಕಂಪ್ಯೂಟರ್ ನಮ್ಮ ಹತ್ತಿರ ಇದೆ. ಬೆಂಗಳೂರಿನ ಇಂಜಿನಿಯರುಗಳ ಹತ್ತಿರ ಇಲ್ಲದ ಯಂತ್ರಗಳು ತಾಲ್ಲೂಕು ಊರುಗಳ ಅಂಗಡಿಗಳಲ್ಲಿ, ಶಾಲೆಗಳ ಮೂಲೆಯಲ್ಲಿ ಬಿದ್ದಿವೆ. ಎಲ್‌ಎಕ್ಸ್‌ಕ್ಯೂಟಿಯ ಮೆನುಗಳನ್ನು ಅನುವಾದ ಮಾಡಲು ವೆಬ್‌ಲೇಟ್ ಎಂಬ ತಾಣದ ವ್ಯವಸ್ಥೆ ಇದೆ, ಬ್ರೌಸರಿನಲ್ಲೇ ಕೂತು ಒಂದೊಂದು ಸಾಲು ಕನ್ನಡ ಮಾಡಬಹುದು. ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದ ಮೇಲೆ ಅದರಲ್ಲಿ ಕೂರಬೇಕು ಅಂತ ಮಗಳೂ ನಾನೂ ಮಾತಾಡಿಕೊಂಡಿದ್ದೇವೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ತಂತ್ರಜ್ಞಾನದ ಪುಟದಲ್ಲಿ ಲುಬುಂಟುವಿಗೆ, ಆಂಟಿಎಕ್ಸ್‌ಗೆ ಒಂದೊಂದು ಪೂರ್ತಿ ಲೇಖನ ಕೊಡಿ. ಎಷ್ಟು ರ‍್ಯಾಮ್ ಇದ್ದರೆ ಯಾವುದು ಸರಿ, ಕಂಪ್ಯೂಟರಿಗೆ ಹಾಕದೆಯೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡುವುದು ಹೇಗೆ, ಮೊದಲು ಯಾವ ಫೈಲುಗಳನ್ನು ಕಾಪಿ ಮಾಡಿಟ್ಟುಕೊಳ್ಳಬೇಕು, ಯಾವ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲ ಇದೆ, ಇವೆಲ್ಲ ಬರಲಿ. 24.04ರ ಲುಬುಂಟುವಿಗೆ 2027ರ ಏಪ್ರಿಲ್‌ವರೆಗೆ ಇದೆ. ಶಾಲೆಯವರು ಹಳೆ ಕಂಪ್ಯೂಟರುಗಳನ್ನು ಗುಜರಿಗೆ ಕೊಡುವ ಮುಂಚೆ ಆ ಲೇಖನ ಅವರ ಕೈ ಸೇರಿದರೆ ಒಳ್ಳೆಯದು.

ಇಂತಿ,
ಟೈಪಿಂಗ್ ಅಂಗಡಿಯ ಓದುಗರೊಬ್ಬರು,
ತಿಪಟೂರು