ಎಂಜಿಬಿಗೆ ಹೊಸ ಸೆಲ್ಫ್: ಮೊದಲು ಅರ್ಥಿಂಗ್ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಕುರಿತು ತಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಸೆಲ್ಫ್ (ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟಾರ್) ಎತ್ತದಿದ್ದರೆ ಮೂಲ ಲ್ಯೂಕಾಸ್ ಕಂಪನಿಯ ಮೋಟಾರ್ ಬಿಚ್ಚಿ, ಒಳಗೇ ಗೇರ್ ಇರುವ ಹೊಸ ಗೇರ್ ರಿಡಕ್ಷನ್ ಸ್ಟಾರ್ಟರ್ ಹಾಕಿಸಿ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದು ಸರಿಯಲ್ಲ. ಎಂಜಿಬಿಯಂಥ ಹಳೆಯ ಬ್ರಿಟಿಷ್ ಕಾರಿನಲ್ಲಿ ಆ ಒಂದು ಸಾಲು ದುಬಾರಿ ಆಗುತ್ತದೆ.

ಹತ್ತಾರು ಸಲ ದೋಷ ಮೋಟಾರಿನದ್ದಲ್ಲ, ಅದಕ್ಕೆ ಕರೆಂಟು ಹೋಗಿ ಬರುವ ದಾರಿಯದ್ದು. 1974ಕ್ಕಿಂತ ಹಿಂದಿನ ಎಂಜಿಬಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ಕೂತಿರುತ್ತವೆ. ಅಲ್ಲಿಂದ ಕೇಬಲ್ ಕಾರಿನ ಅಡಿಯಲ್ಲಿ ಮುಂದಕ್ಕೆ ಬರಬೇಕು. ಬ್ಯಾಟರಿಗಳ ನಾಲ್ಕು ಪೋಸ್ಟು (ತುದಿ), ನಡುವೆ ಜೋಡಣೆ ಕೇಬಲ್, ಕಾರಿನ ಲೋಹದ ಬಾಡಿಗೆ ಒಂದು ಅರ್ಥ್ (ಕರೆಂಟು ಬ್ಯಾಟರಿಗೆ ಮರಳುವ ಜೋಡಣೆ), ಎಂಜಿನ್ನಿಗೆ ಇನ್ನೊಂದು: ಇಷ್ಟರಲ್ಲಿ ಎಲ್ಲಿ ತುಕ್ಕು ಹಿಡಿದರೂ ಸೆಲ್ಫ್ 'ಟಕ್' ಎಂದು ಸುಮ್ಮನಾಗುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದರ ಅರ್ಥ್ ಪಟ್ಟಿ ಕಡಿದುಹೋಗಿದ್ದರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿಯುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ, ಹೊಗೆಯಾಡಿದರೆ, ಮೋಟಾರನ್ನು ಮುಟ್ಟಲೇಬೇಡಿ. ಅರ್ಥ್ ಪಟ್ಟಿ ಬದಲಿಸಿ.

ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲ್‌ನ ಲೋ ಟೆನ್ಷನ್ ವೈರ್ ಕಳಚಿ, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಅಳೆಯಿರಿ. ಬ್ಯಾಟರಿಯಲ್ಲಿ (ಎರಡಿದ್ದರೆ ಎರಡೂ ಸೇರಿ) 9.6 ವೋಲ್ಟಿಗಿಂತ ಕಡಿಮೆಯಾದರೆ ಮೊದಲು ಬ್ಯಾಟರಿ ನೋಡಿ. ಬ್ಯಾಟರಿಯ ಲೈವ್ ಪೋಸ್ಟಿನಿಂದ ಸ್ಟಾರ್ಟರ್ ಟರ್ಮಿನಲ್‌ವರೆಗೆ ಅರ್ಧ ವೋಲ್ಟಿಗಿಂತ ಹೆಚ್ಚು ಬೀಳಬಾರದು. ಸ್ಟಾರ್ಟರ್ ಬಾಡಿಯಿಂದ ಅರ್ಥ್ ಪೋಸ್ಟಿಗೆ 0.3 ವೋಲ್ಟ್ ದಾಟಬಾರದು. ಕ್ಲ್ಯಾಂಪಿನ ಮೇಲಲ್ಲ, ಪೋಸ್ಟಿನ ಮೇಲೇ ಪ್ರೋಬ್ ಇಡಬೇಕು. ಇಲ್ಲವಾದರೆ ಕ್ಲ್ಯಾಂಪಿನೊಳಗಿನ ತುಕ್ಕು ಲೆಕ್ಕಕ್ಕೇ ಸಿಗುವುದಿಲ್ಲ.

ಮೋಟಾರ್ ಗುಂಯ್‌ಗುಟ್ಟಿ ಎಂಜಿನ್ ತಿರುಗದಿದ್ದರೆ ಅದು ಬೆಂಡಿಕ್ಸ್ ಕಾಯಿಲೆ. ಬೆಂಡಿಕ್ಸ್ ಎಂದರೆ ಮೋಟಾರ್ ತಿರುಗಿದೊಡನೆ ಪಿನಿಯನ್ (ಚಿಕ್ಕ ಹಲ್ಲುಗಾಲಿ) ಶಾಫ್ಟಿನ ಮೇಲೆ ತಾನೇ ಜಾರಿ ಎಂಜಿನ್ನಿನ ರಿಂಗ್ ಗೇರಿಗೆ ಕಚ್ಚುವ ವ್ಯವಸ್ಥೆ. 1967ರವರೆಗಿನ ಎಂಜಿಬಿಯ ಸ್ಟಾರ್ಟರ್ ಈ ಜಾತಿಯದು. ಕ್ಲಚ್ ಪುಡಿ ಕೂತು ಪಿನಿಯನ್ ಶಾಫ್ಟಿನ ಮೇಲೆ ಜಾರದೆ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹಾಗೇ ಬಿಡಿ. ಎಣ್ಣೆಯಾಗಲಿ ಗ್ರೀಸ್ ಆಗಲಿ ಹಚ್ಚಿದರೆ ಪುಡಿ ಮತ್ತೆ ಅಂಟುತ್ತದೆ. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಎಂಜಿಬಿ ಎಂಜಿನ್ನಿನ ಬಿ-ಸೀರೀಸ್ ಮನೆತನದ್ದೇ. ಆದ್ದರಿಂದ ನಮ್ಮ ಹಳೆಯ ಆಟೊ ಎಲೆಕ್ಟ್ರಿಷಿಯನ್ನರಿಗೆ ಬೆಂಡಿಕ್ಸ್ ಹೊಸದೇನಲ್ಲ. ಕಾರ್ಬನ್ ಬ್ರಷ್, ಬುಷ್ ಬದಲಿಸಿ, ಕಮ್ಯುಟೇಟರನ್ನು ಲೇತಿನಲ್ಲಿ ತೆಳುವಾಗಿ ಸವರಿದರೆ ಮೂಲ ಮೋಟಾರ್ ಇನ್ನೂ ವರ್ಷಗಟ್ಟಲೆ ಓಡುತ್ತದೆ. ಹೊಸ ಕಂಚಿನ ಬುಷ್ ಹಾಕುವ ಮುಂಚೆ 24 ಗಂಟೆ ತೆಳು ಎಂಜಿನ್ ಆಯಿಲಿನಲ್ಲಿ ನೆನೆಸಿಡುವುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಒಣ ಬುಷ್ ಬೇಗ ಸವೆದು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಕೆಳಗಿಳಿಯುತ್ತದೆ, ಸುತ್ತಲಿನ ಕಬ್ಬಿಣದ ಪೋಲ್ ಶೂಗೆ ಉಜ್ಜುತ್ತದೆ.

ಇಷ್ಟಾದ ಮೇಲೂ ಹೊಸದೇ ಬೇಕು ಎನ್ನುವವರು ಕಾರಿನ ವರ್ಷ ನೋಡಲೇಬೇಕು. 1967ರ ಕೊನೆಯಲ್ಲಿ ಬಂದ ಮಾರ್ಕ್ 2 (ಎಂಜಿಬಿಯ ಎರಡನೇ ಆವೃತ್ತಿ)ರಲ್ಲಿ ಗೇರ್‌ಬಾಕ್ಸ್, ಎಂಜಿನ್ನಿನ ಹಿಂಬದಿ ಪ್ಲೇಟ್, ಸ್ಟಾರ್ಟರ್ ಎಲ್ಲ ಬದಲಾದವು. ಹಿಂದಿನದಕ್ಕೂ ಮುಂದಿನದಕ್ಕೂ ಬೇರೆ ಬೇರೆ ಸ್ಟಾರ್ಟರ್ ಬರುತ್ತದೆ. ಬೋಲ್ಟ್ ಹಾಕುವ ಮುಂಚೆ ಪಿನಿಯನ್ ಹಲ್ಲುಗಳನ್ನು ರಿಂಗ್ ಗೇರಿನ ಹಲ್ಲುಗಳಿಗೆ ತಾಳೆ ನೋಡಿ. ರಿಂಗಿನ ಹಲ್ಲಿನ ಸವೆತವನ್ನೂ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಹೆಚ್ಚುಕಡಿಮೆ ಅದೇ ಎರಡು ಜಾಗದಲ್ಲಿ ನಿಲ್ಲುವುದರಿಂದ ಅಲ್ಲೇ ಹಲ್ಲು ಸವೆದಿರುತ್ತದೆ, ಹೊಸ ಸ್ಟಾರ್ಟರೂ ಅಲ್ಲೇ ಕರ್ರ್ ಎನ್ನುತ್ತದೆ.

ಲೇಖನದಲ್ಲಿ ಬರಲೇಬೇಕಿದ್ದ ಮಾತು ಪೋಲಾರಿಟಿಯದು. ಮಾರ್ಕ್ 2ಕ್ಕಿಂತ ಹಿಂದಿನ ಎಂಜಿಬಿ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿರುತ್ತದೆ. ಮೂಲ ಲ್ಯೂಕಾಸ್‌ನಲ್ಲಿ ಮ್ಯಾಗ್ನೆಟ್ ಬದಲು ತಂತಿ ಸುತ್ತಿದ ಫೀಲ್ಡ್ ಕಾಯಿಲ್ ಇರುವುದರಿಂದ ಕರೆಂಟು ಹೇಗೆ ಕೊಟ್ಟರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಹೊಸದರಲ್ಲಿ ಪರ್ಮನೆಂಟ್ ಮ್ಯಾಗ್ನೆಟ್ ಇದ್ದರೆ ಪಾಸಿಟಿವ್ ಅರ್ಥಿನಲ್ಲಿ ಉಲ್ಟಾ ತಿರುಗುತ್ತದೆ. ಒಳಗಿನ ರೋಲರ್ ಕ್ಲಚ್ ಜಾರಿ ಮೋಟಾರ್ ಸುಮ್ಮನೆ ಓಡುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ. ಕಾರನ್ನು ನೆಗೆಟಿವ್ ಅರ್ಥಿಗೆ ಬದಲಿಸುವುದಾದರೆ ಬ್ಯಾಟರಿ ತಿರುಗಿಸಿದರೆ ಸಾಲದು: ಡೈನಮೋಗೆ ಮತ್ತೆ ಪೋಲಾರಿಟಿ ಕೊಡಬೇಕು, ಕಾಯಿಲಿನ ಎರಡು ವೈರ್ ಅದಲುಬದಲಾಗಬೇಕು, ಎಲೆಕ್ಟ್ರಿಕ್ ಟ್ಯಾಕೋಮೀಟರಿದ್ದರೆ ಅದರ ಒಳ ವೈರಿಂಗೂ ಬದಲಾಗಬೇಕು. ಪಾಸಿಟಿವ್ ಅರ್ಥೇ ಇರಲಿ ಎನ್ನುವವರು ಫೀಲ್ಡ್ ಕಾಯಿಲಿನ ಸ್ಟಾರ್ಟರ್ ಕೇಳಿ ತರಿಸಿಕೊಳ್ಳಲಿ.

ವೈರಿಂಗಿನಲ್ಲೂ ಒಂದು ಅಡ್ಡದಾರಿ ಇದೆ. ಹಳೆಯ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್) ಇದ್ದಲ್ಲೇ ಬಿಟ್ಟು, ಹೊಸ ಸ್ಟಾರ್ಟರಿನ ದಪ್ಪ ಟರ್ಮಿನಲ್‌ಗೂ ಅದರದೇ ಸೊಲೆನಾಯ್ಡನ್ನು ಎಬ್ಬಿಸುವ ಟ್ರಿಗರ್ ಟರ್ಮಿನಲ್‌ಗೂ ಚಿಕ್ಕ ವೈರ್ ಜೋಡಿಸಿಬಿಡುತ್ತಾರೆ. ಮ್ಯಾಗ್ನೆಟ್ ಮೋಟಾರಾದರೆ, ಕೀ ಬಿಟ್ಟ ಮೇಲೂ ಅದು ಡೈನಮೋದಂತೆ ಕರೆಂಟು ಹುಟ್ಟಿಸಿ ತನ್ನ ಸೊಲೆನಾಯ್ಡನ್ನು ಒಂದೆರಡು ಕ್ಷಣ ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಓಡುತ್ತಿದ್ದರೂ ಪಿನಿಯನ್ ಕಚ್ಚಿಕೊಂಡೇ ಇರುತ್ತದೆ. ಬ್ಯಾಟರಿ ಕೇಬಲನ್ನು ನೇರ ಸ್ಟಾರ್ಟರಿಗೆ ತಂದು, ಹಳೆಯ ಸೊಲೆನಾಯ್ಡಿಗೂ ಕಾರಿನ ಉಳಿದ ಭಾಗಕ್ಕೆ ಕರೆಂಟು ಒಯ್ಯುವ ಕಂದು ವೈರುಗಳಿಗೂ ಅಲ್ಲಿಂದಲೇ ಸಪ್ಲೈ ಕೊಡಿ. ಹಳೆಯ ಸೊಲೆನಾಯ್ಡಿನ ಇನ್ನೊಂದು ಬದಿಯಿಂದ 4 ಚದರ ಮಿ.ಮೀ. ವೈರ್ ಎಳೆದು ಟ್ರಿಗರಿಗೆ ಕೊಟ್ಟರೆ ಅದು ರಿಲೇಯಂತೆ ಕೆಲಸ ಮಾಡುತ್ತದೆ. ಆಗ ದಪ್ಪ ಕೇಬಲ್ ಸದಾ ಲೈವ್ ಎಂಬುದು ನೆನಪಿರಲಿ. ಟರ್ಮಿನಲ್‌ಗೆ ರಬ್ಬರ್ ಬೂಟ್ ಹಾಕಿ, ಕೇಬಲ್ ಲೋಹಕ್ಕೆ ಉಜ್ಜದಂತೆ ಕ್ಲಿಪ್ ಮಾಡಿ. ಕೆಲಸಕ್ಕೆ ಕೈ ಹಾಕುವ ಮುಂಚೆ ಬ್ಯಾಟರಿಯ ಅರ್ಥ್ ಕಡೆ ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಹಾಕಿ.

ಬಿಚ್ಚಿದ ಲ್ಯೂಕಾಸ್ ಮೋಟಾರನ್ನು ಗುಜರಿಗೆ ಹಾಕದೆ ಸುತ್ತಿಡಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ಬೇಕೆಂದರೆ ಅದು ಮೂಲ ರೂಪದಲ್ಲಿರಬೇಕು. ಸ್ಟಾರ್ಟರ್ ಬೋಲ್ಟ್ ಬಿಚ್ಚಿ ಹಾಕುವ ಭಾಗ. ಮೂಲ ಮೋಟಾರ್ ಮನೆಯಲ್ಲಿದ್ದರೆ ಬೇಕೆಂದಾಗ ಅದೇ ಜಾಗಕ್ಕೆ ಮತ್ತೆ ಕೂರಿಸಬಹುದು.

— ಓರ್ವ ಆಟೊ ಎಲೆಕ್ಟ್ರಿಷಿಯನ್, ಮೈಸೂರು