ಗಂಟೆ ಲೆಕ್ಕ ಹಾಕಿ ಚಟ ಅನ್ನಬೇಡಿ

ಸಂಪಾದಕರೇ,

ಮಕ್ಕಳ ಮೊಬೈಲ್ ಚಟದ ಬಗ್ಗೆ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ವರದಿ ಬರುತ್ತಿದೆ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು, ಹಾಗಾಗಿ ಓದದೆ ಇರಲು ಆಗುವುದಿಲ್ಲ. ಆದರೆ ದಿನಕ್ಕೆ ಇಷ್ಟು ಗಂಟೆ ಮೊಬೈಲ್ ನೋಡಿದರೆ ಅವನು ಚಟಕ್ಕೆ ಬಿದ್ದ ಹಾಗೇ ಅಂತ ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಡುತ್ತೀರಲ್ಲ, ಅದನ್ನು ಒಪ್ಪಲು ಆಗುತ್ತಿಲ್ಲ. ಜಾಸ್ತಿ ನೋಡುವವರೆಲ್ಲ ಚಟದವರಲ್ಲ. ನಿಜವಾಗಿ ಚಟಕ್ಕೆ ಬಿದ್ದವರೂ ಇದ್ದಾರೆ, ಅವರಿಗೆ ಡಾಕ್ಟರ್ ಬೇಕು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ನಷ್ಟ.

ತಮಾಷೆ ಏನು ಗೊತ್ತಾ, ಈ ಕಾಯಿಲೆಗೆ ಹೆಸರು ಬಂದಿದ್ದೇ ತಮಾಷೆಗೆ. 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್, ತಮ್ಮವರೇ ಬಳಸುವ ಮನೋರೋಗಗಳ ಕೈಪಿಡಿಯನ್ನು ಅಣಕಿಸಲು 'ಇಂಟರ್‌ನೆಟ್ ಅಡಿಕ್ಷನ್ ಡಿಸಾರ್ಡರ್' ಅಂತ ಒಂದು ಕಾಯಿಲೆ ಕಟ್ಟಿ ಆನ್‌ಲೈನ್‌ನಲ್ಲೇ ಹಾಕಿದರು. ಬೆರಳುಗಳು ತಾವಾಗೇ ಟೈಪ್ ಮಾಡಿದ ಹಾಗೆ ಅಲ್ಲಾಡುವುದು ಕೂಡ ಅದರ ಲಕ್ಷಣವಂತೆ! ಓದಿ ನಗಲಿ ಅಂತ ಬರೆದರೆ, ಡಾಕ್ಟ್ರೇ ನನಗೂ ಇದು ಇದೆ ಅಂತ ಜನ ಬರೆಯತೊಡಗಿದರು. ಮರುವರ್ಷ ಕಿಂಬರ್ಲಿ ಯಂಗ್ ಎಂಬ ಮನಶ್ಶಾಸ್ತ್ರಜ್ಞೆ, ಜೂಜಿನ ಚಟ ಗುರುತಿಸುವ ಪ್ರಶ್ನೆಗಳನ್ನೇ ಇಂಟರ್‌ನೆಟ್‌ಗೆ ಹೊಂದಿಸಿ ಎಂಟು ಪ್ರಶ್ನೆ ಮಾಡಿದರು. ಐದಕ್ಕೆ ಹೌದು ಅಂದರೆ ಚಟ. ಆಗ ಇಂಟರ್‌ನೆಟ್ ಅಂದರೆ ಟೆಲಿಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂರುವುದು. ಈಗ ಹಾಗಿದೆಯಾ? ಪಹಣಿ, ಕರೆಂಟ್ ಬಿಲ್, ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಸೀಟು, ನಾವು ಮೇಷ್ಟ್ರುಗಳು ಕಳಿಸುವ ನೋಟ್ಸು, ಎಲ್ಲ ಅದರಲ್ಲೇ. ಹೋಂವರ್ಕನ್ನು ವಾಟ್ಸಾಪ್ ಗ್ರೂಪಿಗೆ ಹಾಕುವವರೂ ನಾವೇ, ಹುಡುಗರು ಮೊಬೈಲ್ ಬಿಡೋದೇ ಇಲ್ಲ ಅಂತ ದೂರುವವರೂ ನಾವೇ.

ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯದಲ್ಲಿ ನಮ್ಮ ಪತ್ರಿಕೆಗಳಿಗಿಂತ ಹುಷಾರಾಗಿದೆ. ಅದರ ಹೊಸ ರೋಗಪಟ್ಟಿ 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಇಂಟರ್‌ನೆಟ್ ಚಟ ಅಂತ ಒಂದು ರೋಗ ಇಲ್ಲ. ಗೇಮಿಂಗ್ ಇದೆ, ಜೂಜು ಇದೆ. ಗೇಮಿಂಗ್‌ಗೂ ಸುಮ್ನೆ ಹೆಸರು ಕೊಟ್ಟಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗಿರಬೇಕು, ಕೆಡುತ್ತಿದೆ ಅಂತ ಕಣ್ಣಿಗೆ ಕಂಡರೂ ಬಿಡಲಾಗದೆ ಇರಬೇಕು, ಅದರಿಂದ ಓದು, ಮನೆ, ಕೆಲಸ ಹದಗೆಟ್ಟಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ. ಇಷ್ಟು ಗಂಟೆ ದಾಟಿದರೆ ರೋಗ ಅಂತ ಎಲ್ಲೂ ಇಲ್ಲ.

ನಾನು ನೋಡಿದ ಇಬ್ಬರ ಬಗ್ಗೆ ಹೇಳುತ್ತೇನೆ. ಒಬ್ಬಳು ದ್ವಿತೀಯ ಪಿಯು ಹುಡುಗಿ. ಅವಳ ತಾಯಿ ಒಂದು ದಿನ ಸ್ಟಾಫ್ ರೂಮಿಗೆ ಬಂದು, ಕರ್ಚೀಫಿನಲ್ಲಿ ಸುತ್ತಿದ್ದ ಮೊಬೈಲ್ ಟೇಬಲ್ ಮೇಲಿಟ್ಟು, 'ಪರೀಕ್ಷೆ ಮುಗಿಯೋವರೆಗೂ ಇದನ್ನ ನೀವೇ ಇಟ್ಕೊಳ್ಳಿ ಸಾರ್, ಇವಳಿಗೆ ಚಟ ಹತ್ತಿಬಿಟ್ಟಿದೆ, ಪೇಪರ್‌ನಲ್ಲೂ ಬಂದಿತ್ತು' ಅಂದರು. ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಹಿಂದಿನ ಕವರ್ ಬಿಚ್ಚಿಕೊಳ್ಳದಂತೆ ರಬ್ಬರ್ ಬ್ಯಾಂಡ್ ಹಾಕಿತ್ತು. ಏನು ನೋಡ್ತೀಯಮ್ಮ ಅಂದೆ. ಗೆಳತಿಯರ ಗ್ರೂಪು, ಮೆಹಂದಿ ಡಿಸೈನು, ಸೀರಿಯಲ್ ತುಣುಕು, ಮಧ್ಯೆ ಮಧ್ಯೆ ಕೆಮಿಸ್ಟ್ರಿ ವಿಡಿಯೊ. ಮಾರ್ಕ್ಸ್ ಕಡಿಮೆಯಾಗಿಲ್ಲ. ನಿದ್ದೆ, ಊಟ ಎಲ್ಲ ಸರಿ ಇದೆ. ಅವಳ ತಮ್ಮ ಸಂಜೆ ಮೈದಾನಕ್ಕೆ ಹೋಗಬಹುದು, ಬಸ್ ಸ್ಟ್ಯಾಂಡಿನಲ್ಲಿ ನಿಂತು ಹರಟಬಹುದು. ಇವಳು ಕಾಲೇಜು ಬಿಟ್ಟ ಮೇಲೆ ಹೊಸ್ತಿಲು ದಾಟುವ ಹಾಗಿಲ್ಲ. ಗೆಳತಿಯರ ಜೊತೆ ಮಾತಾಡಲು ಆ ಮೊಬೈಲ್ ಬಿಟ್ಟರೆ ಬೇರೆ ಏನಿದೆ ಹೇಳಿ? ಅವಳಿಗೆ ಯಾವ ರೋಗವೂ ಇರಲಿಲ್ಲ.

ಇನ್ನೊಬ್ಬ ಹುಡುಗ. ಅವನು ಮೊಬೈಲ್ ನೋಡುತ್ತಿದ್ದದ್ದು ಅವಳಿಗಿಂತ ಕಡಿಮೆ ಹೊತ್ತು ಇರಬಹುದು. ಅಪ್ಪನ ಖಾತೆಗೆ ಬಂದ ಡೇರಿ ಬಟವಾಡೆ ದುಡ್ಡು ಸ್ವಲ್ಪ ಸ್ವಲ್ಪವೇ ಕ್ರಿಕೆಟ್ ಬೆಟ್ಟಿಂಗ್ ಆ್ಯಪಿಗೆ ಹೋಗಿತ್ತು. ಕ್ಯಾಲ್ಕ್ಯುಲೇಟರ್ ಮಾರಿಕೊಂಡಿದ್ದ. ಆ್ಯಪ್ ತೆಗೆದುಹಾಕುತ್ತಿದ್ದ, ರಾತ್ರಿ ಮತ್ತೆ ಹಾಕಿಕೊಳ್ಳುತ್ತಿದ್ದ, ಬೆಳಿಗ್ಗೆ ಕ್ಲಾಸಿಗೆ ಬಂದರೂ ಬಂದ ಹಾಗಿರಲಿಲ್ಲ. ಅಪ್ಪ ಪಾಸ್‌ಬುಕ್ ಹಿಡಿದುಕೊಂಡು ಬಂದಿದ್ದರು. ಪುಣ್ಯಾತ್ಮರು ಅದನ್ನು ಚಟ ಅನ್ನಲೇ ಇಲ್ಲ. 'ವಯಸ್ಸು ಸಾರ್, ನಾಲ್ಕು ಬಿಟ್ರೆ ಸರಿಹೋಗ್ತಾನೆ' ಅಂದರು. ಅವನಿಗೆ ಬೇಕಿದ್ದದ್ದು ಏಟಲ್ಲ, ಡಾಕ್ಟರು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ರಾಜ್ಯ 2021ರಲ್ಲೇ ನಿಷೇಧಿಸಿತ್ತು, ಮರುವರ್ಷ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇದಕ್ಕೊಂದು ಕಾಯ್ದೆ ಮಾಡಿತು. ಒಳ್ಳೆಯದೇ. ಆದರೆ ಅಷ್ಟರೊಳಗೆ ಸಿಕ್ಕಿಬಿದ್ದ ಹುಡುಗರು ಕಾಯ್ದೆ ಬಂದ ಮಾತ್ರಕ್ಕೆ ಬಿಡಿಸಿಕೊಳ್ಳುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಹೆಸರಿಗೇನು ಬಿಡಿ, ಹೆದರಿಕೆ ಹುಟ್ಟಿದರೆ ಮಕ್ಕಳು ಮೊಬೈಲ್ ಕೆಳಗಿಡುತ್ತಾರೆ ಅಂತ ನನ್ನ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಮಕ್ಕಳಿಗೆ ಹೆದರಿಕೆ ಹುಟ್ಟುವುದಿಲ್ಲ ಸ್ವಾಮಿ, ಹುಟ್ಟುವುದು ಅಪ್ಪ ಅಮ್ಮಂದಿರಿಗೆ. ಹೆದರಿದವರ ಹತ್ತಿರ ಏನನ್ನು ಬೇಕಾದರೂ ಮಾರಬಹುದು. ಚೀನಾದಲ್ಲಿ ಇದೇ ಆಯಿತು. ಶಾಂಡಾಂಗ್ ಪ್ರಾಂತ್ಯದ ಲಿನ್‌ಯಿ ಊರಿನ ಆಸ್ಪತ್ರೆಯೊಂದರಲ್ಲಿ ಇಂಟರ್‌ನೆಟ್ ಚಟ ಬಿಡಿಸುತ್ತೇವೆ ಅಂತ ಹುಡುಗರಿಗೆ ಕರೆಂಟ್ ಶಾಕ್ ಕೊಡುತ್ತಿದ್ದರು. ತಂದೆತಾಯಿಗಳೇ ದುಡ್ಡು ಕಟ್ಟಿ ಸೇರಿಸುತ್ತಿದ್ದರು! ಕೊನೆಗೆ 2009ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ನಿಲ್ಲಿಸಿ ಅಂತ ಹೇಳಬೇಕಾಯಿತು. ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ. ಆದರೆ ನಮ್ಮ ತಾಲ್ಲೂಕಿನಲ್ಲೇ ರಜೆ ಬಂತೆಂದರೆ ಮೊಬೈಲ್ ಚಟ ಬಿಡಿಸುವ ಶಿಬಿರ ಅಂತ ಫ್ಲೆಕ್ಸ್ ಏಳುತ್ತದೆ. ನಡೆಸುವವರಲ್ಲಿ ಮನೋವೈದ್ಯರು ಯಾರೂ ಇಲ್ಲ, ಫೀಸು ಮಾತ್ರ ಇದೆ.

ಹಾಗಂತ ರಾತ್ರಿ ಒಂದು ಗಂಟೆವರೆಗೆ ರೀಲ್ಸ್ ತಳ್ಳುತ್ತಾ ಕೂರುವುದು ಸರಿ ಅಂತ ನಾನು ಹೇಳುತ್ತಿಲ್ಲ. ಅದು ಕೆಟ್ಟ ಅಭ್ಯಾಸ, ಮನೆಯಲ್ಲಿ ಬೈದು ಬಿಡಿಸಬೇಕಾದ್ದು. ಅದರಲ್ಲಿ ತಪ್ಪು ಬರೀ ಮಕ್ಕಳದ್ದೂ ಅಲ್ಲ. ಮೊದಲು ಪುಟ ಮುಗಿಯುತ್ತಿತ್ತು, ಮುಂದಿನದು ಬೇಕಾದರೆ ಒತ್ತಬೇಕಿತ್ತು, ಈಗ ಮುಗಿಯುವುದೇ ಇಲ್ಲ, ತಳ್ಳಿದಷ್ಟೂ ಬರುತ್ತದೆ. ಬೇಕೆಂದೇ ಹಾಗೆ ಮಾಡಿಟ್ಟಿದ್ದಾರೆ. ಹುಡುಗನನ್ನು ರೋಗಿ ಅಂದುಬಿಟ್ಟರೆ ಅದನ್ನು ಮಾಡಿಟ್ಟ ಕಂಪನಿಯನ್ನು ಕೇಳುವವರು ಯಾರು?

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ವರದಿ ಬರೆಯುವಾಗ ಎಷ್ಟು ಗಂಟೆ ಅಂತ ಕೇಳಿ ನಿಲ್ಲಿಸಬೇಡಿ. ನಿದ್ದೆ ಏನಾಯಿತು, ಊಟ ಏನಾಯಿತು, ಮನೆಯ ದುಡ್ಡು ಏನಾಯಿತು, ಬಿಡಬೇಕು ಅಂದುಕೊಂಡಾಗ ಬಿಡಲು ಆಯಿತಾ, ಇವನ್ನೂ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು 'ಶಟ್' ಕ್ಲಿನಿಕ್ ಇದೆ, ಮೊಬೈಲ್ ಪೂರ್ತಿ ಬಿಡಿಸುವುದಕ್ಕಲ್ಲ, ಹದವಾಗಿ ಬಳಸುವುದನ್ನು ಕಲಿಸಲಿಕ್ಕೆ. ಬೆಂಗಳೂರಿಗೆ ಹೋಗಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಲೆ ತಗ್ಗಿಸಿ ಮೊಬೈಲ್ ನೋಡುವ ಹುಡುಗನ ಫೋಟೊ ಹಾಕುವ ಜಾಗದಲ್ಲಿ ಆ ನಂಬರ್ ದಪ್ಪ ಅಕ್ಷರದಲ್ಲಿ ಹಾಕಿ.

– ಒಬ್ಬ ಪಿಯು ಉಪನ್ಯಾಸಕ, ಹಾಸನ ಜಿಲ್ಲೆ